ಅಫ್ಘಾನಿ ಕಬಾಬು ಮತ್ತು ನಮ್ಮ ಬಂಡೂರು ಕುರಿ

ಪ್ರತಿ ವರ್ಷ ನವೆಂಬರ್ 14ರಿಂದ 27ರವರೆಗೆ ನವದೆಹಲಿಯ ಪ್ರಗತಿ ಮೈದಾನದಲ್ಲಿ ನಡೆಯುವ ಭಾರತ ಅಂತರರಾಷ್ಟ್ರೀಯ ವ್ಯಾಪಾರ ಮೇಳವನ್ನು ನಮ್ಮ ಸದಸ್ಯರಲ್ಲಿ ಹಲವರು ಕಂಡಿದ್ದಾರೆ. 2018ರ ಮೇಳಕ್ಕೆ ನಾನೂ ಕೊಪ್ಪದಿಂದ ಹೋಗಿದ್ದೆ. ಬೆಲ್ಲವನ್ನು ಅಚ್ಚುಕಟ್ಟಾಗಿ ಪೊಟ್ಟಣ ಕಟ್ಟುವ ಯಂತ್ರಗಳ ಬಗ್ಗೆ ವಿಚಾರಿಸುವುದು ಪ್ರಯಾಣದ ಉದ್ದೇಶವಾಗಿತ್ತು. ಯಂತ್ರದ ವಿಷಯ ವಿಚಾರಣೆಗೇ ನಿಂತಿತು. ಆದರೆ ಆ ಪ್ರವಾಸದ ಒಂದು ಸಂಜೆ ಮಾಡಿದ ಊಟ ಇಂದಿಗೂ ನನ್ನನ್ನು ಯೋಚನೆಗೆ ಹಚ್ಚುತ್ತಿದೆ. ಅದು ಕೇವಲ ನಾಲಿಗೆಯ ಚಪಲದ ಮಾತಾಗಿದ್ದರೆ ಈ ಪತ್ರಿಕೆಯ ಪುಟಗಳನ್ನು ಬಳಸಿಕೊಳ್ಳುತ್ತಿರಲಿಲ್ಲ. ಶಾಖಾಹಾರಿಗಳಾದ ಓದುಗ ಬಾಂಧವರು ಪುಟ ತಿರುವಿಬಿಡದೆ ಮುಂದೆ ಓದಬೇಕೆಂದು ವಿನಂತಿ. ವಿಷಯ ಬಾಡಿನದಾದರೂ ಪ್ರಶ್ನೆ ವ್ಯಾಪಾರದ್ದು.

ಬೆಂಗಳೂರಿಗೆ ಸರಕಿನ ಲೆಕ್ಕಾಚಾರಕ್ಕೆ ಹೋಗಿಬರುವ ನಮ್ಮಂಥವರು ಅಲ್ಲಿಯ ಹೋಟೆಲುಗಳ ಫಲಕಗಳಲ್ಲಿ ‘ಅಫ್ಘಾನಿ ಕಬಾಬ್’, ‘ಅಫ್ಘಾನಿ ಚಿಕನ್’ ಎಂಬ ಹೆಸರುಗಳನ್ನು ಧಾರಾಳವಾಗಿ ಕಾಣುತ್ತೇವೆ. ತರಿಸಿಕೊಂಡರೆ ಬರುವುದು ಕೋಳಿ ಮಾಂಸ. ಗೋಡಂಬಿ ಅರೆದು, ಹಾಲಿನ ಕೆನೆ ಮತ್ತು ಮೊಸರು ಬೆರೆಸಿ, ಅದರಲ್ಲಿ ನೆನೆಸಿ ಸುಟ್ಟ ಬೆಳ್ಳಗಿನ ತುಂಡುಗಳು. ರುಚಿಯಾಗಿಯೇ ಇರುತ್ತದೆ, ಆ ಬಗ್ಗೆ ನನ್ನ ತಕರಾರಿಲ್ಲ. ಕಾಬೂಲಿನ ಜನ ಇದನ್ನೇ ತಿನ್ನುತ್ತಾರೆಂದು ನಾನೂ ಎಷ್ಟೋ ವರ್ಷ ನಂಬಿದ್ದೆ. ಈ ನಂಬಿಕೆಯನ್ನು ಕೆಡಿಸಿದವರು ದೆಹಲಿಯ ಖಾರಿ ಬಾವ್ಲಿಯಲ್ಲಿ ಒಣಹಣ್ಣಿನ ವ್ಯಾಪಾರ ಮಾಡುವ ಪರಿಚಯಸ್ಥರೊಬ್ಬರು. “ನಿಮ್ಮ ಬಿಳಿ ಕಬಾಬು ನಮ್ಮ ಉತ್ತರದ ಹೋಟೆಲಿನವರು ಹೊಸೆದದ್ದು. ಅಫ್ಘಾನರ ಕಬಾಬು ಬೇಕಿದ್ದರೆ ಲಜಪತ್ ನಗರಕ್ಕೆ ಹೋಗಿ, ಫಲಕ ನೋಡಬೇಡಿ, ರೊಟ್ಟಿ ಸುಡುವವನನ್ನು ಹುಡುಕಿ” ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಲಜಪತ್ ನಗರದಲ್ಲಿ ದಶಕಗಳಿಂದ ಅಫ್ಘಾನ್ ಕುಟುಂಬಗಳು ನೆಲೆಸಿವೆ. ಕೆಲವರು ಯುದ್ಧದಿಂದ ತಪ್ಪಿಸಿಕೊಂಡು ಬಂದವರು. ಇನ್ನು ಕೆಲವರು ದೆಹಲಿಯ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆಂದು ಬಂದು ತಿಂಗಳುಗಟ್ಟಲೆ ತಂಗುತ್ತಿದ್ದವರು. ಹೀಗಾಗಿ ಆ ಬೀದಿಗಳಲ್ಲಿ ವಸತಿಗೃಹ, ಔಷಧದ ಅಂಗಡಿ, ಹಣ ವಿನಿಮಯದ ಕಚೇರಿ, ಎಲ್ಲದರ ಮೇಲೂ ಪಾರಸಿ ಲಿಪಿಯ ಬರಹ. ನಡುವೆ ಒಂದು ಕಿರಿದಾದ ಮಳಿಗೆಯಲ್ಲಿ ಒಬ್ಬಾತ ಮಾರುದ್ದದ ರೊಟ್ಟಿಗಳನ್ನು ತಂದೂರಿನಿಂದ ತೆಗೆದು ಗೋಡೆಗೆ ಒರಗಿಸಿಡುತ್ತಿದ್ದ. ಅದರ ಪಕ್ಕದ ಹೋಟೆಲಿನ ಬಾಗಿಲಲ್ಲೇ ಇದ್ದಿಲಿನ ಒಲೆ ಇತ್ತು.

ಅಲ್ಲಿ ಕಂಡ ಕಬಾಬಿನಲ್ಲಿ ಬಚ್ಚಿಡುವಂಥದು ಏನೂ ಇರಲಿಲ್ಲ. ಚಪ್ಪಟೆಯಾದ ಕಬ್ಬಿಣದ ಕಂಬಿಗೆ ಕುರಿ ಮಾಂಸದ ಎರಡು ತುಂಡು, ನಡುವೆ ಒಂದು ತುಂಡು ಕೊಬ್ಬು, ಮತ್ತೆ ಮಾಂಸ. ಉಪ್ಪು ಮುಖ್ಯ, ಉಳಿದದ್ದೆಲ್ಲ ಅಲ್ಪ. ಕೆಂಡದ ಮೇಲೆ ಕೊಬ್ಬು ಕರಗಿ ಪಕ್ಕದ ಮಾಂಸವನ್ನು ತೋಯಿಸುತ್ತದೆ, ಮಸಾಲೆಯ ಕೆಲಸವನ್ನು ಆ ಕೊಬ್ಬೇ ಮಾಡುತ್ತದೆ. ಆ ದೇಶದ ಕುರಿಗಳ ಬಾಲದಲ್ಲಿ ಕೊಬ್ಬು ಗಡ್ಡೆಯಂತೆ ಶೇಖರವಾಗುತ್ತದೆ. ಇಂಥ ಕುರಿಗೆ ದುಂಬಾ ಎನ್ನುತ್ತಾರೆ. ಕುರಿಗಾಹಿಗಳ ಹೆಸರಿನಲ್ಲೇ ಚೋಪಾನ್ ಕಬಾಬು ಎಂಬ ಒಂದು ಬಗೆಯಿದೆ, ಅದಕ್ಕೆ ಉಪ್ಪು ಮತ್ತು ಬೆಂಕಿ ಸಾಕು. ಇನ್ನೊಂದು ಚಪ್ಲಿ ಕಬಾಬು. ಪಠಾಣರ ನಾಡಿನದು, ಪೇಶಾವರದ ಕಡೆ ಬಹು ಪ್ರಸಿದ್ಧ. ಕೈಮಾಗೆ ಜಜ್ಜಿದ ಕೊತ್ತಂಬರಿ ಬೀಜ, ಒಣಗಿಸಿದ ದಾಳಿಂಬೆ ಕಾಳು, ಈರುಳ್ಳಿ, ಟೊಮೆಟೊ ಸೇರಿಸಿ ಅಂಗೈಯಗಲ ತಟ್ಟಿ ಕೊಬ್ಬಿನಲ್ಲಿ ಬೇಯಿಸುತ್ತಾರೆ. ಜೊತೆಗೆ ಹಸಿ ಈರುಳ್ಳಿ, ಸುಮಾಕ್ ಎಂಬ ಹುಳಿಯಾದ ಕೆಂಪು ಪುಡಿ, ಪುದೀನ ಹಾಕಿದ ಮಜ್ಜಿಗೆ. ಆ ಮಜ್ಜಿಗೆಯನ್ನು ಅವರು ದೂಗ್ ಎನ್ನುತ್ತಾರೆ. ಕುಡಿದಾಗ ನಮ್ಮ ಮನೆಯ ನೀರು ಮಜ್ಜಿಗೆ ನೆನಪಾಯಿತು.

ಇಂಥ ಅಡುಗೆಯಲ್ಲಿ ಅಡುಗೆಯವನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಮಾಂಸ ಹಳತಾಗಿದ್ದರೆ, ಮುದಿ ಕುರಿಯದಾಗಿದ್ದರೆ, ತಳಿ ಕಳಪೆಯಾಗಿದ್ದರೆ ಮೊದಲ ತುತ್ತಿನಲ್ಲೇ ತಿಳಿದುಹೋಗುತ್ತದೆ. ಕೆನೆ ಮತ್ತು ಗೋಡಂಬಿ ಬಂದದ್ದೇ ಈ ಕಷ್ಟವನ್ನು ಮರೆಮಾಚಲೆಂದು ನಾನು ಹೇಳಲಾರೆ. ಆದರೆ ಅವು ಮರೆಮಾಚುತ್ತವೆ ಎಂಬುದು ನಿಜ.

ಒಲೆಯ ಮುಂದಿದ್ದ ಹಿರಿಯರು ಹರಕು ಹಿಂದಿಯಲ್ಲಿ ನನ್ನ ಊರನ್ನು ವಿಚಾರಿಸಿದರು. ನನ್ನ ಹಿಂದಿಯೂ ಅಷ್ಟರಮಟ್ಟಿನದೇ. ಮೈಸೂರಿನ ಸಮೀಪ ಎಂದೆ. ಟಿಪ್ಪುವಿನ ಹೆಸರು ಅವರಿಗೆ ಗೊತ್ತಿತ್ತು. 1790ರ ದಶಕದಲ್ಲಿ ಶ್ರೀರಂಗಪಟ್ಟಣದಿಂದ ಕಾಬೂಲಿನ ಜಮಾನ್ ಷಾನ ಆಸ್ಥಾನಕ್ಕೆ ದೂತರು ಹೋಗಿದ್ದ ಚರಿತ್ರೆಯನ್ನು ನಾನು ನೆನಪಿಸಿದೆ, ಅವರು ನಕ್ಕರು. ಬಳಿಕ ಅವರು ಕೇಳಿದ ಪ್ರಶ್ನೆ ಮಾತ್ರ ಅಪ್ಪಟ ವ್ಯಾಪಾರಿಯದು. ‘ನಿಮ್ಮ ಕಡೆ ಕುರಿ ಎಂಥದು? ಬಾಲ ಎಷ್ಟು ತೂಕ?’ ನಮ್ಮ ಕುರಿಯ ಬಾಲ ಮೋಟು, ಸಣ್ಣದು, ಅದರಲ್ಲಿ ಕೊಬ್ಬಿಲ್ಲ ಎಂದೆ. ಹಾಗಾದರೆ ಕೊಬ್ಬು ಎಲ್ಲಿ ಎಂದರು. ಮಾಂಸದ ಒಳಗೇ ಎಂದೆ. ಅವರು ಕಂಬಿ ತಿರುಗಿಸುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿ, ಮುಂದಿನ ಸಲ ಬರುವಾಗ ತನ್ನಿ ಎಂದರು.

ನಾನು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿಯನ್ನು ಪಶುವಿಜ್ಞಾನದ ದಾಖಲೆಗಳು ‘ಮಂಡ್ಯ’ ತಳಿಯೆಂದೇ ಕರೆಯುತ್ತವೆ. ಪಕ್ಕದ ಬನ್ನೂರಿನ ಹೆಸರಿನಲ್ಲಿಯೂ ಅದು ಪ್ರಸಿದ್ಧ. ಗಿಡ್ಡ ಕಾಲು, ತುಂಬಿದ ಮೈ, ಕೊಂಬಿಲ್ಲದ ತಲೆ. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ತಲೆಕೆಳಗಾದ ‘ಯು’ ಅಕ್ಷರದ ಆಕಾರ. ಭಾರತದ ಕುರಿ ತಳಿಗಳಲ್ಲಿ ಮಾಂಸಕ್ಕೆ ಹೇಳಿ ಮಾಡಿಸಿದ ಮೈಕಟ್ಟು ಇದರದೇ ಎಂದು ತಜ್ಞರು ಬಹಳ ಹಿಂದೆಯೇ ಬರೆದಿದ್ದಾರೆ. ಕೊಬ್ಬು ಒಂದೆಡೆ ಗಡ್ಡೆ ಕಟ್ಟದೆ ಮಾಂಸದ ಎಳೆಗಳ ನಡುವೆ ಹರಡಿಕೊಂಡಿರುವುದರಿಂದಲೇ ಅದರ ಮಾಂಸಕ್ಕೆ ಆ ಮೃದುತ್ವ. ಉಪ್ಪು ಮತ್ತು ಇದ್ದಿಲನ್ನು ಮಾತ್ರ ನಂಬಿರುವ ಅಡುಗೆಗೆ ಇದಕ್ಕಿಂತ ಒಳ್ಳೆಯ ಕಚ್ಚಾವಸ್ತು ದಕ್ಷಿಣದಲ್ಲಿ ಸಿಗಲಾರದೆಂದು ನನ್ನ ನಂಬಿಕೆ.

ಆದರೆ ಬೆಂಗಳೂರಿನಲ್ಲಿ ಅದು ಸಿಗುವುದು ಹೇಗೆ? ಆ ನಗರದಲ್ಲೂ ಮೈಸೂರಿನಲ್ಲೂ ‘ಇಲ್ಲಿ ಬನ್ನೂರು ಕುರಿ ಮಾಂಸ ದೊರೆಯುತ್ತದೆ’ ಎಂಬ ಫಲಕಕ್ಕೆ ಬರವಿಲ್ಲ. ಅಷ್ಟು ಅಂಗಡಿಗಳಿಗೆ ಪೂರೈಸುವಷ್ಟು ಶುದ್ಧ ತಳಿಯ ಕುರಿ ನಮ್ಮ ಸೀಮೆಯಲ್ಲಿ ಉಳಿದಿಲ್ಲ ಎಂಬುದು ಕುರಿ ಸಾಕುವವರಿಗೆ ತಿಳಿದ ಸಂಗತಿ. ಮೈತೂಕದಲ್ಲಿ ಸಣ್ಣದಾದ ಈ ತಳಿಯನ್ನು ಬಿಟ್ಟು ರೈತರು ಎತ್ತರದ ಹೊರಗಿನ ಕುರಿಗಳತ್ತ ತಿರುಗಿದರು. ಮಿಶ್ರ ತಳಿ ಹೆಚ್ಚಿತು. ಸರ್ಕಾರ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸಂವರ್ಧನಾ ಕೇಂದ್ರ ನಡೆಸಿದೆ. ಒಳ್ಳೆಯ ಬಂಡೂರು ಟಗರೊಂದು ಲಕ್ಷ ರೂಪಾಯಿ ದಾಟಿದ ಬೆಲೆಗೆ ಮಾರಾಟವಾದ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ. ಅದು ಸಂತಾನಕ್ಕೆಂದು ಕೊಳ್ಳುವ ಟಗರಿನ ಮಾತಾಯಿತು. ಮಾಂಸದ ಅಂಗಡಿಯಲ್ಲಿ ನಿಜವಾದ ಬಂಡೂರಿಗೂ ಹೆಸರಿಗಷ್ಟೇ ಬಂಡೂರಾದುದಕ್ಕೂ ಬೆಲೆ ಒಂದೇ ಆಗಿರುವಾಗ, ನಿಜವಾದದ್ದನ್ನು ಸಾಕುವವನು ಯಾವ ಲೆಕ್ಕಾಚಾರದಲ್ಲಿ ಸಾಕಬೇಕು?

ಈ ಪಾಠವನ್ನು ನಾವು ಬೆಲ್ಲದಲ್ಲಿ ಕಲಿಯಬೇಕಾಗಿತ್ತು. ಮಂಡ್ಯದ ಬೆಲ್ಲವೆಂದರೆ ಕಣ್ಣು ಮುಚ್ಚಿ ಕೊಳ್ಳುವ ಕಾಲವೊಂದಿತ್ತು. ಬಣ್ಣ ಹಳದಿಯಾಗಲೆಂದು ಕೊಪ್ಪರಿಗೆಗೆ ಹೈಡ್ರೋಸ್ ಬಿತ್ತು. ತೂಕ ಬರಲೆಂದು ಅಗ್ಗದ ಸಕ್ಕರೆ ಬಿತ್ತು. ಆಲೆಮನೆಯವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಬಣ್ಣ ನೋಡಿ ಬೆಲೆ ಕಟ್ಟಿದವರು ನಾವು ವರ್ತಕರು. ಕಪ್ಪಗಿನ ಒಳ್ಳೆಯ ಅಚ್ಚಿಗೆ ನಾನೇ ಕಡಿಮೆ ಬೆಲೆ ಕೂಗಿದ್ದೇನೆ. ಈಗ ‘ರಾಸಾಯನಿಕ ರಹಿತ’ ಎಂದು ಚೀಟಿ ಅಂಟಿಸಿದರೂ ಗ್ರಾಹಕರು ಅನುಮಾನದಿಂದಲೇ ನೋಡುತ್ತಾರೆ. ಹೋದ ಹೆಸರನ್ನು ಮರಳಿ ತರಲು ತಗಲುವ ವೆಚ್ಚವನ್ನು ಯಾವ ಯಂತ್ರವೂ ಭರಿಸಿಕೊಡುವುದಿಲ್ಲ.

ಬೆರಕೆಯೇ ಪಾಪವೆಂದು ನಾನು ವಾದಿಸುತ್ತಿಲ್ಲ. ನಮ್ಮ ದಿನಸಿ ವರ್ತಕರಿಗೆ ಇಂಗಿನ ಉದಾಹರಣೆ ಚೆನ್ನಾಗಿ ಗೊತ್ತು. ನಮ್ಮ ಸಾರಿಗೆ ಬೀಳುವ ಇಂಗಿನ ಹಾಲು ಬರುವುದು ಬಹುಮಟ್ಟಿಗೆ ಅಫ್ಘಾನಿಸ್ತಾನದಿಂದಲೇ. 2017ರ ಜೂನ್‌ನಲ್ಲಿ ಕಾಬೂಲ್ ಮತ್ತು ದೆಹಲಿಯ ನಡುವೆ ಸರಕು ವಿಮಾನ ಆರಂಭವಾದಾಗ ಮೊದಲ ವಿಮಾನದಲ್ಲಿ ಬಂದ ಸರಕಿನಲ್ಲಿ ಇಂಗಿಗೇ ದೊಡ್ಡ ಪಾಲು. ಆ ಹಾಲು ಹಾಗೆಯೇ ಬಳಸಲಾಗದಷ್ಟು ತೀಕ್ಷ್ಣ. ಆದ್ದರಿಂದ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆದರೆ ಡಬ್ಬಿಯ ಮೇಲೆ ‘ಕಾಂಪೌಂಡೆಡ್’ ಎಂದು ಮುದ್ರಿಸಲೇಬೇಕು. ಆಹಾರ ಸುರಕ್ಷತೆಯ ನಿಯಮಗಳು ಎರಡನ್ನೂ ಬೇರೆ ಬೇರೆಯಾಗಿಯೇ ವರ್ಣಿಸಿವೆ. ಹೀಗೆ ಹೇಳಿ ಮಾರಿದ್ದರಿಂದ ಇಂಗಿನ ವ್ಯಾಪಾರವೇನೂ ಕೆಡಲಿಲ್ಲ. ಗೋಡಂಬಿಯ ಕೋಳಿಗೂ ಅದರದೇ ಒಂದು ಹೆಸರಿಟ್ಟು ಮಾರಿದರೆ ಯಾರೂ ಬೇಡವೆನ್ನುವುದಿಲ್ಲ. ಹೊರಗಿನ ಕುರಿಗೂ ಅದರ ಸ್ವಂತ ಹೆಸರಿದೆ, ಗಿರಾಕಿಯೂ ಇದ್ದಾನೆ.

ಗ್ರಾಹಕನಿಗೆ ರುಚಿ ಬೇಕು, ಬೆಲೆ ಕಡಿಮೆಯಿರಬೇಕು, ತಳಿಯ ಜಾತಕ ಯಾರಿಗೆ ಬೇಕು ಎಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ. 2023ರಲ್ಲಿ ನಾನು ಮತ್ತೆ ಲಜಪತ್ ನಗರಕ್ಕೆ ಹೋಗಿದ್ದೆ. 2021ರ ಆಗಸ್ಟ್‌ನಲ್ಲಿ ಕಾಬೂಲು ತಾಲಿಬಾನರ ವಶವಾದ ಮೇಲೆ ಹಿಂದೆ ಕೊಟ್ಟಿದ್ದ ವೀಸಾಗಳು ರದ್ದಾಗಿ, ಚಿಕಿತ್ಸೆಗೆ ಬರುತ್ತಿದ್ದ ಜನ ತೀರ ವಿರಳವಾಗಿದ್ದರು. ವಸತಿಗೃಹಗಳು ಬಣಗುಟ್ಟುತ್ತಿದ್ದವು. ಆದರೂ ಆ ಹೋಟೆಲಿನ ಒಲೆ ಉರಿಯುತ್ತಿತ್ತು. ಮೇಜುಗಳಲ್ಲಿ ಈಗ ದೆಹಲಿಯ ಜನರೇ ಹೆಚ್ಚು. ತಮ್ಮವರು ಕಡಿಮೆಯಾದರೆಂದು ಅವರು ಕಂಬಿಗೆ ಕೆನೆ ಸವರಿರಲಿಲ್ಲ. ದೂರದಿಂದ ಹುಡುಕಿಕೊಂಡು ಬರುವ ಗಿರಾಕಿ ಆ ವ್ಯತ್ಯಾಸಕ್ಕಾಗಿಯೇ ಬರುತ್ತಾನೆಂಬುದನ್ನು ಅವರು ಅರಿತಿದ್ದರು. ಹಿರಿಯರು ಕಾಣಲಿಲ್ಲ. ವಿಚಾರಿಸಿದಾಗ ಕೆನಡಾದಲ್ಲಿರುವ ಮಗನ ಬಳಿಗೆ ಹೋದರೆಂದು ತಿಳಿಯಿತು. ಬಂಡೂರು ಮಾಂಸದ ಮಾತು ಹಾಗೆಯೇ ಉಳಿಯಿತು.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ನಂತರ ಮದ್ದೂರಿನ ಹಳೆಯ ರಸ್ತೆಯ ಹೋಟೆಲುಗಳ ವ್ಯಾಪಾರ ಎಷ್ಟು ಇಳಿಯಿತೆಂಬುದನ್ನು ನಮ್ಮ ಸದಸ್ಯರು ಅನುಭವಿಸಿದ್ದಾರೆ. ವಾಹನಗಳು ಊರನ್ನು ಬಳಸಿಕೊಂಡು ಹೋಗುತ್ತಿವೆ. ಹೆದ್ದಾರಿಯಿಂದ ಇಳಿದು ನಾಲ್ಕು ಕಿಲೋಮೀಟರು ಒಳಗೆ ಬರುವಂತೆ ಮಾಡಲು ಬೇರೆಡೆ ಸಿಗದ ವಸ್ತುವೊಂದು ಬೇಕು. ಉಪ್ಪು ಹಚ್ಚಿ ಕೆಂಡದಲ್ಲಿ ಸುಟ್ಟ ನಿಜವಾದ ಬಂಡೂರು ಮಾಂಸ ಅಂಥದ್ದೊಂದಾಗಬಹುದು. ಅದನ್ನು ಅಫ್ಘಾನಿ ಎಂದು ಕರೆಯುವ ಅಗತ್ಯವೂ ಇಲ್ಲ.

ಇದಕ್ಕೆ ಮೊದಲು ಆಗಬೇಕಾದ ಕೆಲಸಗಳಿವೆ. ಮಳವಳ್ಳಿ, ಮದ್ದೂರು ತಾಲ್ಲೂಕುಗಳಲ್ಲಿ ಶುದ್ಧ ತಳಿ ಉಳಿಸಿಕೊಂಡಿರುವ ಸಾಕಣೆದಾರರ ಪಟ್ಟಿಯಾಗಬೇಕು. ಪಶುಪಾಲನಾ ಇಲಾಖೆಯವರು ಪರೀಕ್ಷಿಸಿ ಕಿವಿಗೆ ಓಲೆ ಹಾಕಿದ ಕುರಿ ಮಾತ್ರ ಆ ಹೆಸರಿನಲ್ಲಿ ಮಾರಾಟವಾಗಬೇಕು, ಆ ಓಲೆಯ ಸಂಖ್ಯೆ ಮಾಂಸದ ಅಂಗಡಿಯ ರಸೀದಿಯ ಮೇಲೂ ಬರಬೇಕು. ಮೊದಲ ವರ್ಷ ಎರಡೇ ಅಂಗಡಿ, ಒಂದೇ ಹೋಟೆಲು ಒಪ್ಪಿದರೂ ಸಾಕು. ಸಾಕುವವನಿಗೆ ಕಿಲೋಗೆ ಎಷ್ಟು ಹೆಚ್ಚು ಕೊಟ್ಟರೆ ಅವನು ಹೊರಗಿನ ಟಗರನ್ನು ಮಂದೆಗೆ ಬಿಡದೆ ಇರುತ್ತಾನೆ ಎಂಬ ಲೆಕ್ಕವನ್ನು ಮಾತ್ರ ಅವನ ಜಗುಲಿಯಲ್ಲೇ ಕುಳಿತು ಹಾಕಬೇಕು, ನಮ್ಮ ಮಂಡಿಯಲ್ಲಲ್ಲ. ಸಂಸ್ಥೆಯ ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ವಿಷಯವನ್ನು ಮಂಡಿಸಲು ಲಿಖಿತ ಅನುಮತಿ ಕೋರಿದ್ದೇನೆ. ಕುರಿ ಸಾಕುವ ನಾಲ್ವರನ್ನಾದರೂ ಸಭೆಗೆ ಕರೆತರಲು ಮಳವಳ್ಳಿಯ ಸದಸ್ಯರು ಒಪ್ಪಿದ್ದಾರೆ.