ಕುರ್ಚಿ ಕೊಟ್ಟರೆ ಸಾಲದು

ಬೆಂಗಳೂರಿನ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತ, ತನ್ನ ಕಚೇರಿಯಲ್ಲಿ 'ವೈವಿಧ್ಯ ಮತ್ತು ಒಳಗೊಳ್ಳುವಿಕೆ' ಎಂಬ ವಿಷಯದ ಮೇಲೆ ಅರ್ಧ ದಿನದ ತರಬೇತಿ ನಡೆಯಿತೆಂದು ಹೇಳಿದ. "ಏನು ಕಲಿತೆಯಪ್ಪಾ?" ಎಂದು ಕೇಳಿದೆ. "ಎಲ್ಲರನ್ನೂ ಸಮಾನವಾಗಿ ಕಾಣಬೇಕು ಅಂತ ಹೇಳಿದರು ಸರ್. ಅದನ್ನು ನೀವು ಎಂಟನೇ ಕ್ಲಾಸಿನಲ್ಲೇ ಹೇಳಿದ್ದಿರಲ್ಲ" ಎಂದು ನಕ್ಕ. ನಾನೂ ನಕ್ಕೆ. ಆದರೆ ಅವನು ಹೊರಟುಹೋದ ಮೇಲೆ ಆ ಮಾತು ಮನಸ್ಸನ್ನು ಕೊರೆಯತೊಡಗಿತು. ತರಗತಿಯಲ್ಲಿ ಹೇಳಿದ್ದೇನೋ ನಿಜ. ತರಗತಿಯ ಪಕ್ಕದಲ್ಲೇ ಇದ್ದ ಶಿಕ್ಷಕರ ಕೊಠಡಿಯಲ್ಲಿ ಅದನ್ನು ಪಾಲಿಸಿದ್ದೆನೇ?

ಉದ್ಯೋಗಸ್ಥಳವೆಂದರೆ ನಾನು ಬಲ್ಲದ್ದು ಅದೊಂದನ್ನೇ. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಒಂದು ಉದ್ದನೆಯ ಮೇಜು, ಸುತ್ತಲೂ ಹತ್ತಾರು ಕುರ್ಚಿಗಳು. ಆ ಕುರ್ಚಿಗಳಲ್ಲಿ ಕೂರುವವರನ್ನು ನೋಡಿದರೆ ನಮ್ಮ ನಾಡಿನ ವೈವಿಧ್ಯವೆಲ್ಲ ಅಲ್ಲೇ ನೆರೆದಂತಿರುತ್ತಿತ್ತು. ಬೇರೆ ಬೇರೆ ಜಾತಿ, ಮತ, ಜಿಲ್ಲೆಗಳವರು, ಮನೆಯಲ್ಲಿ ಕನ್ನಡವಾಡುವವರು, ಉರ್ದು, ತುಳು, ತೆಲುಗು ಆಡುವವರು, ಗಂಡಸರು, ಹೆಂಗಸರು. ಹೊರಗಿನಿಂದ ಬಂದ ಯಾವ ಅಧಿಕಾರಿಯಾದರೂ 'ಎಂಥ ಸೌಹಾರ್ದ!' ಎಂದೇ ಮೆಚ್ಚುತ್ತಿದ್ದರು. ನಾವೂ ಹಾಗೆಯೇ ನಂಬಿದ್ದೆವು.

ಆದರೆ ಯಾರು ಎಲ್ಲಿ ಕುಳಿತಿದ್ದಾರೆ ಎಂಬುದನ್ನು ಬಿಟ್ಟು, ಯಾರಿಗೆ ಯಾವ ಕೆಲಸ ಬರುತ್ತಿತ್ತು ಎಂಬುದನ್ನು ಈಗ ನೆನೆದರೆ ಚಿತ್ರವೇ ಬೇರೆ. ಪರಿಶಿಷ್ಟ ಜಾತಿಯ ಶಿಕ್ಷಕರು ಬಂದೊಡನೆ ವಿದ್ಯಾರ್ಥಿವೇತನದ ಕಡತಗಳು ಅವರ ಹೆಗಲಿಗೆ ಬೀಳುತ್ತಿದ್ದವು. ಅವರು ಗಣಿತವನ್ನು ಎಷ್ಟೇ ಚೆನ್ನಾಗಿ ಬೋಧಿಸಲಿ, 'ಆ ಮಕ್ಕಳ ವಿಷಯ ನಿಮಗೇ ಚೆನ್ನಾಗಿ ಗೊತ್ತು' ಎಂಬುದು ನಮ್ಮ ವಾದ. ಶಿಕ್ಷಕಿಯರಿಗೆ ರಂಗೋಲಿ, ಸ್ವಾಗತಗೀತೆ ಮತ್ತು ಅತಿಥಿಗಳ ಚಹಾ. ಮುಸ್ಲಿಂ ಸಹೋದ್ಯೋಗಿಗೆ, ಅವರ ಮೊಹಲ್ಲಾದ ಮಕ್ಕಳು ಶಾಲೆಗೆ ಬಾರದಿದ್ದಾಗ ಮನೆಮನೆಗೆ ಹೋಗಿ ಕರೆತರುವ ಹೊಣೆ. ವೇಳಾಪಟ್ಟಿ, ಹತ್ತನೇ ತರಗತಿ, ಪ್ರಶ್ನೆಪತ್ರಿಕೆ, ಹಣಕಾಸು ಮಾತ್ರ ಮೇಜಿನ ಒಂದು ತುದಿಯಲ್ಲಿ ಕೂರುವ ನಾಲ್ಕಾರು ಮಂದಿಯಲ್ಲೇ ಉಳಿಯುತ್ತಿದ್ದವು. ನಾನು ಆ ತುದಿಯಲ್ಲಿ ಕೂರುತ್ತಿದ್ದವನು. ಯಾರೂ ಯಾರನ್ನೂ ಅವಮಾನಿಸಲಿಲ್ಲ, ಗದರಲಿಲ್ಲ. ಹುಟ್ಟಿನಿಂದ ಬಂದ ಗುರುತನ್ನೇ ಕೆಲಸದ ಗುರುತನ್ನಾಗಿ ಮಾಡಿಬಿಟ್ಟಿದ್ದೆವು, ಅಷ್ಟೇ. ಆ 'ಅಷ್ಟೇ' ಎಂಬುದು ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ತಡವಾಗಿ.

ಒಂದು ವರ್ಷ ನಮ್ಮ ಶಾಲೆಗೆ ದೃಷ್ಟಿಯಿಲ್ಲದ ಸಮಾಜವಿಜ್ಞಾನ ಶಿಕ್ಷಕರೊಬ್ಬರು ಬಂದರು. ಆಗ ನಾನು ಪ್ರಭಾರಿ ಮುಖ್ಯೋಪಾಧ್ಯಾಯ. ಅವರನ್ನು ಬಹಳ ಆದರದಿಂದ ಬರಮಾಡಿಕೊಂಡೆ. ಬಾಗಿಲಿಗೆ ಸಮೀಪದ ಕುರ್ಚಿಯನ್ನು ಅವರಿಗೆ ಮೀಸಲಿಟ್ಟೆ. ಕೈಹಿಡಿದು ಕರೆತರಲು ಹುಡುಗನೊಬ್ಬನನ್ನು ನೇಮಿಸಿದೆ. ಅವರಿಗೆ ವಾರಕ್ಕೆ ಕೆಲವೇ ಅವಧಿಗಳನ್ನು, ಅದೂ ಎಂಟನೇ ತರಗತಿಯಲ್ಲಿ ಮಾತ್ರ, ಕೊಟ್ಟೆ. ಹತ್ತನೇ ತರಗತಿಯ ಇತಿಹಾಸವನ್ನು ನಾನೇ ಇಟ್ಟುಕೊಂಡೆ. ಪರೀಕ್ಷಾ ಕೆಲಸ, ಶಿಕ್ಷಕರ ಸಭೆಗೆ ಮುಂಚಿನ ಸಮಾಲೋಚನೆ ಯಾವುದಕ್ಕೂ ಅವರನ್ನು ಕರೆಯಲಿಲ್ಲ. "ನಿಮಗೇಕೆ ಸುಮ್ಮನೆ ತೊಂದರೆ, ಆರಾಮವಾಗಿರಿ ಮೇಷ್ಟ್ರೇ" ಎನ್ನುತ್ತಿದ್ದೆ. ಇದನ್ನು ನಾನು ಕರುಣೆಯೆಂದೇ ತಿಳಿದಿದ್ದೆ.

ಎರಡು ವರ್ಷ ಹೀಗೇ ಕಳೆಯಿತು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವರು ನನ್ನ ಕೊಠಡಿಗೆ ಬಂದರು. ಕೂರಲಿಲ್ಲ. ಮೇಜಿನ ಅಂಚನ್ನು ಹಿಡಿದು ನಿಂತು ಹೇಳಿದರು: "ಸರ್, ನನಗೆ ಸಂಬಳ ಬರುತ್ತಿದೆ. ಎಲ್ಲರೂ ಗೌರವದಿಂದ ಮಾತನಾಡಿಸುತ್ತೀರಿ. ಕೆಲಸ ಮಾತ್ರ ಕೊಟ್ಟಿಲ್ಲ. ನಾನು ಈ ಶಾಲೆಗೆ ಶಿಕ್ಷಕನಾಗಿ ಬಂದೆ, ನೀವು ಅತಿಥಿಯಾಗಿ ಇಟ್ಟುಕೊಂಡಿದ್ದೀರಿ."

ನನಗೆ ಉತ್ತರ ತೋಚಲಿಲ್ಲ. ಆ ರಾತ್ರಿ ನಿದ್ರೆ ಬರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಮರುವಾರ ವೇಳಾಪಟ್ಟಿಯನ್ನು ಬದಲಿಸಿ ಹತ್ತನೇ ತರಗತಿಯ ಒಂದು ವಿಭಾಗವನ್ನು ಅವರಿಗೆ ಒಪ್ಪಿಸಿದೆ. ಪೋಷಕರಲ್ಲಿ ಗೊಣಗಾಟ ಎದ್ದಿತು. ಸಹೋದ್ಯೋಗಿಗಳಲ್ಲಿ ಕೆಲವರು 'ಫಲಿತಾಂಶ ಬಿದ್ದರೆ ಯಾರು ಹೊಣೆ?' ಎಂದರು. ನಿಜ ಹೇಳಬೇಕೆಂದರೆ ಆ ಅಳುಕು ನನ್ನಲ್ಲೂ ಇತ್ತು.

ಕಿರುಪರೀಕ್ಷೆ ಬಂದಾಗ ಪ್ರಶ್ನೆ ಎದ್ದಿತು. ಉತ್ತರಪತ್ರಿಕೆಗಳನ್ನು ಅವರು ಹೇಗೆ ತಿದ್ದುವುದು? ಕನ್ನಡ ಶಿಕ್ಷಕಿಯೊಬ್ಬರು ತಾವೇ ಮುಂದೆ ಬಂದು, ಸಂಜೆಯ ಹೊತ್ತು ಕುಳಿತು ಒಂದೊಂದೇ ಉತ್ತರವನ್ನು ಓದಿ ಹೇಳಿದರು. ಅವರು ಕೇಳಿ ಅಂಕ ಹೇಳುತ್ತಿದ್ದರು, ಶಿಕ್ಷಕಿ ಬರೆಯುತ್ತಿದ್ದರು. ಹತ್ತಿಪ್ಪತ್ತು ಪತ್ರಿಕೆಗಳಾದ ಮೇಲೆ ಅವರು ಕೈಯೆತ್ತಿ ನಿಲ್ಲಿಸಿ, "ಮೇಡಂ, ಮಕ್ಕಳಿಗೆ ಇತಿಹಾಸ ಗೊತ್ತಿಲ್ಲ ಅಂತಲ್ಲ, ಪ್ರಶ್ನೆ ಅರ್ಥವಾಗುತ್ತಿಲ್ಲ" ಎಂದರಂತೆ. 1857ರ ಹೋರಾಟದ ಪರಿಣಾಮಗಳನ್ನು ಕೇಳಿದರೆ ಒಬ್ಬರಾದ ಮೇಲೊಬ್ಬರು ಕಾರಣಗಳನ್ನು ಬರೆದಿದ್ದರು. ನಾವು ಅದೇ ತಪ್ಪಿಗೆ ವರ್ಷಗಟ್ಟಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಮುಂದಿನ ಪತ್ರಿಕೆಗೆ ಹೋಗಿದ್ದೆವು. ಕಣ್ಣಿಂದ ಓದುವ ನಮಗೆ ಅವು ಬಿಡಿ ಬಿಡಿ ತಪ್ಪುಗಳು. ಒಂದೇ ಸಮನೆ ಕಿವಿಯಿಂದ ಕೇಳಿದ ಅವರಿಗೆ ಅದು ಇಡೀ ತರಗತಿಯ ಒಂದೇ ತಪ್ಪಾಗಿ ಕೇಳಿಸಿತು. ಅನಂತರ ಸಮಾಜವಿಜ್ಞಾನ ಮತ್ತು ಕನ್ನಡ ಎರಡೂ ಅವಧಿಗಳಲ್ಲಿ ಪ್ರಶ್ನೆಯನ್ನು ಓದುವ ಕ್ರಮವನ್ನೇ ಮಕ್ಕಳಿಗೆ ಕಲಿಸಿದೆವು. ಪೋಷಕರ ಗೊಣಗಾಟ ತಾನಾಗಿಯೇ ನಿಂತಿತು.

ನಾನು ಹೇಳಬೇಕೆಂದಿರುವುದು ಇದನ್ನೇ. ಒಬ್ಬರನ್ನು ಒಳಗೆ ಸೇರಿಸಿಕೊಳ್ಳುವುದೆಂದರೆ ಕುರ್ಚಿ ಕೊಡುವುದಲ್ಲ. ಅವರು ಮಾಡದೆ ಹೋದರೆ ಎಲ್ಲರಿಗೂ ನಷ್ಟವಾಗುವಂಥ ಕೆಲಸವನ್ನು ಕೊಡುವುದು. ಕೆಲಸ ಕೊಡದ ಗೌರವವು ನಯವಾದ ಒಂದು ಬಗೆಯ ಬಹಿಷ್ಕಾರ.

ಇನ್ನೊಂದು ನೆನಪು. ಒಂಬತ್ತು, ಹತ್ತನೇ ತರಗತಿಯ ಹೆಣ್ಣುಮಕ್ಕಳು ಪ್ರತಿ ತಿಂಗಳೂ ಮೂರ್ನಾಲ್ಕು ದಿನ ಗೈರುಹಾಜರಾಗುತ್ತಿದ್ದರು. ನಮ್ಮ ಸಭೆಗಳಲ್ಲಿ 'ಹೆಣ್ಣುಮಕ್ಕಳ ಪೋಷಕರಿಗೆ ಓದಿನಲ್ಲಿ ಆಸಕ್ತಿಯಿಲ್ಲ' ಎಂದು ನಡವಳಿ ಪುಸ್ತಕದಲ್ಲಿ ಬರೆದುಕೊಂಡು ಏಳುತ್ತಿದ್ದೆವು. ಕಾರಣ ಬಿಸಿಯೂಟದ ಅಡುಗೆಯಮ್ಮನಿಗೆ ಗೊತ್ತಿತ್ತು. ಶೌಚಾಲಯದಲ್ಲಿ ನೀರಿರಲಿಲ್ಲ, ಬಾಗಿಲಿನ ಚಿಲಕ ಮುರಿದಿತ್ತು. ಶಿಕ್ಷಕಿಯರಿಗೂ ಇದು ತಿಳಿದಿತ್ತು. ಆದರೆ ಅಡುಗೆಯಮ್ಮನನ್ನು ಸಭೆಗೆ ಕರೆಯುವ ಪದ್ಧತಿಯಿರಲಿಲ್ಲ, ಶಿಕ್ಷಕಿಯರು ಆ ಸಭೆಯಲ್ಲಿ ಬಾಯಿಬಿಡುವ ವಾತಾವರಣವಿರಲಿಲ್ಲ. ಒಂದು ಚಿಲಕ, ಒಂದು ನಲ್ಲಿ. ಅಷ್ಟನ್ನು ಸರಿಪಡಿಸಲು ನಮಗೆ ವರ್ಷಗಳೇ ಬೇಕಾದವು. ಹಣವಿಲ್ಲದೆ ಅಲ್ಲ, ತಿಳಿದವರನ್ನು ಕೇಳದೆ.

ಕಾನೂನುಗಳು ತಮ್ಮ ಕೆಲಸವನ್ನು ಮಾಡಿವೆ. ಅಂಗವಿಕಲರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 3ರಷ್ಟು ಮೀಸಲು ಕಲ್ಪಿಸಿದ್ದು 1995ರ ಕಾಯ್ದೆ. 2016ರ ಕಾಯ್ದೆ ಅದನ್ನು ಶೇ. 4ಕ್ಕೆ ಏರಿಸಿತು, ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ವಿಸ್ತರಿಸಿತು. ಉದ್ಯೋಗದಲ್ಲಿ ಅವರಿಗೆ ಬೇಕಾದ ಸೂಕ್ತ ಹೊಂದಾಣಿಕೆಗಳನ್ನು ಮಾಡಿಕೊಡುವುದು ಕರ್ತವ್ಯವೆಂದಿತು. ಕರ್ನಾಟಕ ಸರ್ಕಾರ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲು ನೀಡಿತು. ಇವೆಲ್ಲ ಬೇಕಾದವೇ, ಇನ್ನೂ ಬೇಕು. ಆದರೆ ಕಾನೂನು ಒಬ್ಬರನ್ನು ಬಾಗಿಲ ಒಳಗಿನವರೆಗೆ ತಂದು ಬಿಡಬಲ್ಲುದು. ಅಲ್ಲಿಂದ ಮೇಜಿನವರೆಗಿನ ದಾರಿಯನ್ನು ಒಳಗಿರುವವರೇ ಬಿಟ್ಟುಕೊಡಬೇಕು.

'ಹೀಗೆಲ್ಲ ಮಾಡಿದರೆ ದಕ್ಷತೆ ಉಳಿಯುವುದೇ?' ಎಂಬ ಪ್ರಶ್ನೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದಾಗಲೂ ಇದೇ ವಾದ ಎದ್ದಿತ್ತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕೆಂದು ಆ ಸಮಿತಿ ಹೇಳಿತು. ಪ್ರತಿಭೆಯ ಆಧಾರವೊಂದೇ ಸಾಕೆಂಬ ನಿಲುವಿನ ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಶತಮಾನದ ಬಳಿಕ ನಿಂತು ನೋಡಿದಾಗ ನನಗನಿಸುವುದು ಇದು: ದಕ್ಷತೆಯೆಂದರೆ ಎಲ್ಲರೂ ಒಂದೇ ದಿಕ್ಕಿನಿಂದ ಚೆನ್ನಾಗಿ ನೋಡುವುದಲ್ಲ. ಹಾಗೆ ನೋಡುವವರು ಎಷ್ಟೇ ಬುದ್ಧಿವಂತರಾಗಿದ್ದರೂ ಒಂದೇ ತಪ್ಪನ್ನು ಒಟ್ಟಿಗೆ ಮಾಡುತ್ತಾರೆ. ಕೆಂಪು ಶಾಯಿಯ ನಾವು ಮಾಡಿದ್ದು ಅದನ್ನೇ.

ಬೇರೆ ಬೇರೆ ಬಗೆಯ ಜನ ಸೇರಿದೆಡೆ ಕೆಲಸ ಸಲೀಸೆಂದು ನಾನು ಹೇಳಲಾರೆ. ಮಾತು ಹೆಚ್ಚಾಗುತ್ತದೆ, ಸಭೆ ಉದ್ದವಾಗುತ್ತದೆ, ಕೆಲವೊಮ್ಮೆ ಮನಸ್ತಾಪವೂ ಆಗುತ್ತದೆ. ಒಂದೇ ಕೇರಿಯವರು ಕಣ್ಸನ್ನೆಯಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ವಿವರಣೆ ಬೇಕಾಗುತ್ತದೆ. ಆದರೆ ವಿವರಿಸಲು ಹೊರಟಾಗಲೇ ನಮ್ಮ ವಾದದ ಟೊಳ್ಳು ನಮಗೆ ಗೊತ್ತಾಗುವುದು. ನಾವು ಸಾಮರಸ್ಯವೆಂದು ಹೊಗಳಿಕೊಂಡದ್ದು ಎಷ್ಟೋ ಸಲ ಕೆಲವರ ಮೌನವಷ್ಟೇ ಆಗಿತ್ತು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ತರಬೇತಿಗಳ ವಿಷಯ ನನಗೆ ತಿಳಿಯದು. ನಾನು ತಡವಾಗಿ ಕಲಿತು ಸೇವೆಯ ಕೊನೆಯ ವರ್ಷಗಳಲ್ಲಿ ಪಾಲಿಸಿದ್ದು ಮೂರು ಸಂಗತಿಗಳು. ಮೊದಲನೆಯದಾಗಿ, ಕೆಲಸಗಳನ್ನು ವರ್ಷಕ್ಕೊಮ್ಮೆ ಸರದಿಯಂತೆ ಬದಲಿಸುವುದು. ವಿದ್ಯಾರ್ಥಿವೇತನವೂ ಎಲ್ಲರಿಗೆ, ವೇಳಾಪಟ್ಟಿಯೂ ಎಲ್ಲರಿಗೆ, ಅತಿಥಿಗಳ ಚಹಾವೂ ಎಲ್ಲರಿಗೆ. ಎರಡನೆಯದಾಗಿ, ಸಭೆಯಲ್ಲಿ ಮೊದಲು ಹೊಸಬರ, ಕಿರಿಯರ ಅಭಿಪ್ರಾಯ ಕೇಳಿ ಮುಖ್ಯೋಪಾಧ್ಯಾಯರು ಕೊನೆಗೆ ಮಾತನಾಡುವುದು. ಹಿರಿಯರು ಮೊದಲೇ ತೀರ್ಪು ಕೊಟ್ಟರೆ ಉಳಿದವರು ತಲೆಯಾಡಿಸುವುದು ನಮ್ಮ ಸಂಸ್ಕಾರ. ಅದನ್ನು ಒಪ್ಪಿಗೆಯೆಂದು ಭಾವಿಸಬಾರದು. ಮೂರನೆಯದಾಗಿ, 'ಇದು ಅವರಿಂದಾಗದು' ಎಂದು ನಾವೇ ತೀರ್ಮಾನಿಸುವ ಮೊದಲು ಅವರನ್ನೇ ಕೇಳುವುದು. ನಾನು ಎರಡು ವರ್ಷ ಕೇಳದೆ ಇದ್ದ ಪ್ರಶ್ನೆ ಅದು. ಕೇಳಿದ್ದರೆ ಒಂದು ನಿಮಿಷ ಸಾಕಾಗುತ್ತಿತ್ತು.

ಈಗಿನ ದಿನಗಳಲ್ಲಿ ಸಾಧನಗಳೂ ಸುಧಾರಿಸಿವೆ. ಗಣಕಯಂತ್ರದ ತೆರೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ದೃಷ್ಟಿಹೀನ ಯುವಕರೊಬ್ಬರು. ಅವರದೇ ಪರಿಸ್ಥಿತಿಯ ಗೆಳೆಯರೊಬ್ಬರು ಕೈಜೋಡಿಸಿದರು. ಅದು ಕನ್ನಡವನ್ನೂ ಓದುತ್ತದೆ. ತೊಂದರೆಯನ್ನು ಬಲ್ಲವರ ಕೈಗೆ ಕೆಲಸ ಬಂದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಆದರೆ ಯಂತ್ರ ಓದಿ ಹೇಳಬಲ್ಲುದೇ ಹೊರತು 'ಬನ್ನಿ ಮೇಷ್ಟ್ರೇ, ಈ ಕೆಲಸ ನಿಮ್ಮದು' ಎಂದು ಕರೆಯಲಾರದು.

ಆ ಶಿಕ್ಷಕರು ಆಮೇಲೆ ವರ್ಗವಾಗಿ ತಮ್ಮ ಊರಿಗೆ ಹೋದರು. ಬೀಳ್ಕೊಡುಗೆಯ ದಿನ ನಾನು ಎಲ್ಲರೆದುರು ಅವರ ಕ್ಷಮೆ ಕೇಳಬೇಕೆಂದಿದ್ದೆ. ಹೊಗಳಿಕೆಯ ನಾಲ್ಕು ಮಾತಾಡಿ ಕುಳಿತುಬಿಟ್ಟೆ. ಆ ದಿನ ಆಡದ ಮಾತನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವಿದ್ಯಾರ್ಥಿಗೆ ಹೇಳಲು ಉಳಿದದ್ದು ಒಂದೇ ಮಾತು. ಮುಂದಿನ ಸಲ ಅವನ ಕಚೇರಿಯಲ್ಲಿ ತರಬೇತಿ ನಡೆದಾಗ, ಇಲ್ಲಿ ಎಷ್ಟು ಬಗೆಯ ಜನರಿದ್ದಾರೆ ಎಂದು ಎಣಿಸುವುದು ಬೇಡ. ಯಾರಿಗೆ ಯಾವ ಕೆಲಸ ಹೋಗುತ್ತಿದೆ, ಯಾರ ಮಾತಿನಿಂದ ತೀರ್ಮಾನ ಬದಲಾಗುತ್ತಿದೆ ಎಂಬುದನ್ನು ನೋಡಲಿ. ಎಂಟನೇ ತರಗತಿಯಲ್ಲಿ ನಾನು ಹೇಳಬೇಕಾಗಿದ್ದದ್ದು ಅದನ್ನೇ.