ಹಳೆಯ ಗಣಕಯಂತ್ರಗಳನ್ನು ಗುಜರಿಗೆ ಹಾಕಬೇಕೆ?

ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಘಟ್ಟವನ್ನೇರಿ ಹೆಬ್ಬೆಯ ಕಡೆಗೆ ಹೋದರೂ ಸರಿಯೇ, ಬಯಲಿಗಿಳಿದು ಅಜ್ಜಂಪುರ, ಕಡೂರುಗಳತ್ತ ಬಂದರೂ ಸರಿಯೇ, ಶಾಲೆ ಕಾಲೇಜುಗಳಲ್ಲಿ ನಮಗೆ ಪರಿಚಿತವಾದ ನೋಟವೊಂದುಂಟು: ಕೊಠಡಿಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿರುವ ಗಣಕಯಂತ್ರಗಳು. ಏಕೆಂದು ಕೇಳಿದರೆ, “ಹಳೆಯವು, ಹೊಸ ವಿಂಡೋಸ್ ಹಿಡಿಸುವುದಿಲ್ಲ” ಎಂಬ ಉತ್ತರ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ನಿಂತುಹೋಯಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಸಾಧನವನ್ನೂ, ಇತ್ತೀಚಿನ ಪ್ರೊಸೆಸರನ್ನೂ ಬೇಡುತ್ತದೆ. ಆದುದರಿಂದ ಮೂಲೆಯ ಸಾಲು ಇನ್ನೂ ಬೆಳೆಯುವುದು ನಿಶ್ಚಯ. ಇವುಗಳನ್ನು ಗುಜರಿಗೆ ಹಾಕುವ ಮುನ್ನ ಸ್ವಲ್ಪ ಆಲೋಚಿಸಬೇಕೆಂದು ನಾವು ವಾಚಕರಲ್ಲಿ ಬಿನ್ನವಿಸುತ್ತೇವೆ.

ಯಂತ್ರವು ನಿಧಾನವಾಯಿತೆಂದು ನಾವು ದೂರುವಾಗ ಅಪರಾಧಿ ಯಾರು? ಅನೇಕ ವೇಳೆ ಅದು ಲೆಕ್ಕ ಮಾಡುವ ಭಾಗವಲ್ಲ, ನೆನಪಿಡುವ ಭಾಗ. ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತವೆ. ಬೇಕಾದ ಮಾಹಿತಿಯು ಓದುಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ಸುಮಾರು 4 ಮಿಲಿಸೆಕೆಂಡು. ಮುಳ್ಳು ಒಂದು ಪಥದಿಂದ ಇನ್ನೊಂದಕ್ಕೆ ಸರಿಯಲು ಇನ್ನೊಂದು 9 ಮಿಲಿಸೆಕೆಂಡು. ಆರಂಭದ ವೇಳೆಯಲ್ಲಿ ಅಲ್ಲಲ್ಲಿ ಚದುರಿದ ಹತ್ತು ಸಾವಿರ ತುಣುಕುಗಳನ್ನು ಓದಬೇಕಾದರೆ ಈ ಕಾಯುವಿಕೆಯೇ ಎರಡು ನಿಮಿಷಗಳನ್ನು ಮೀರುತ್ತದೆ. ಚಲಿಸುವ ಅಂಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಒಂದು ತುಣುಕಿಗೆ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಪ್ರೊಸೆಸರನ್ನು ಮುಟ್ಟದೆ ಡಿಸ್ಕನ್ನು ಮಾತ್ರ ಬದಲಿಸಿದರೂ ಮುದಿ ಯಂತ್ರವು ಚುರುಕಾಗುವುದರ ಗುಟ್ಟು ಇದೇ.

ಆದರೆ ಎಲ್ಲ ಹಳತೂ ಒಂದೇ ಬಗೆಯದಲ್ಲ. ಇದನ್ನು ನಾವು ಕೈ ಸುಟ್ಟುಕೊಂಡೇ ಕಲಿತೆವು. ಪೆಂಟಿಯಂ 4ರ ಕಾಲದ ಯಂತ್ರವೊಂದಕ್ಕೆ ಡೆಬಿಯನ್ 12ನ್ನು ಹಾಕಲು ಹೊರಟೆವು. ಅದರ ಬಯಾಸ್ ಪೆನ್ ಡ್ರೈವಿನಿಂದ ಆರಂಭವಾಗಲು ಒಪ್ಪಲಿಲ್ಲ. ಸಿಡಿ ಓದುವ ಸಾಧನದ ಕಣ್ಣು ಮಂಜಾಗಿತ್ತು. ಡಿಸ್ಕು ಕಟಕಟನೆ ಸದ್ದು ಮಾಡುತ್ತಿದ್ದುದರಿಂದ ಮೊದಲು ಅದರಲ್ಲಿದ್ದ ಕಡತಗಳನ್ನು ನಕಲು ಮಾಡಿಕೊಂಡೆವು. ಅವು ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಲಿಪಿಯಲ್ಲಿದ್ದ ಕನ್ನಡ ಪಾಠಗಳು; ಇನ್ನು ಕೆಲವು ದಿನ ಬಿಟ್ಟಿದ್ದರೆ ಅವುಗಳ ಆಸೆಯನ್ನೇ ತೊರೆಯಬೇಕಾಗಿತ್ತು. ಬಳಿಕ ಕೆಟ್ಟುನಿಂತ ಇನ್ನೊಂದು ಯಂತ್ರದಿಂದ 40 ಗಿಗಾಬೈಟಿನ ಐಡಿಇ ಡಿಸ್ಕನ್ನು ತೆಗೆದು, ಅದನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ವ್ಯವಸ್ಥೆಯನ್ನು ಅದರಲ್ಲಿ ಹಾಕಿ ತಂದು ಕೂರಿಸಿದೆವು. ಯಂತ್ರವು “ಡಿಸ್ಕೇ ಇಲ್ಲ” ಎಂದಿತು! ಐಡಿಇ ಪದ್ಧತಿಯಲ್ಲಿ ಒಂದೇ ಪಟ್ಟಿಯಂತಹ ತಂತಿಯಲ್ಲಿ ಎರಡು ಸಾಧನಗಳಿರುತ್ತವೆ. ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ನಮ್ಮ ಡಿಸ್ಕೂ ಸಿಡಿ ಸಾಧನವೂ ಎರಡೂ ತಾನೇ ಮಾಸ್ಟರ್ ಎಂದು ಹಟ ಹಿಡಿದಿದ್ದವು. ಬೆರಳ ತುದಿಯಷ್ಟೂ ಇಲ್ಲದ ಜಂಪರ್ ಒಂದನ್ನು ಸರಿಸಿದೊಡನೆ ಜಗಳ ತೀರಿತು. ಎರಡು ಸಂಜೆಗಳು ಹೋದವು. ನಮ್ಮ ವಿದ್ಯಾರ್ಥಿಗಳು ಮಾತ್ರ ಪಠ್ಯಪುಸ್ತಕದಲ್ಲಿಲ್ಲದ ಪಾಠವೊಂದನ್ನು ಕಲಿತರು.

ಆದರೂ ಅಂತಹ ಯಂತ್ರವನ್ನು ತರಗತಿಯ ನಿತ್ಯದ ಕೆಲಸಕ್ಕೆ ಹಚ್ಚಬೇಕೆಂದು ನಾವು ವಾದಿಸುವುದಿಲ್ಲ. ಪೆಂಟಿಯಂ 4ರ ಕೆಲವು ಮಾದರಿಗಳು ತಾವೊಂದೇ 100 ವಾಟ್‌ಗಳಿಗೂ ಮಿಗಿಲಾದ ವಿದ್ಯುತ್ತನ್ನು ನುಂಗುತ್ತವೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13, ಹಳೆಯ 32 ಬಿಟ್ ಪೀಸಿಗಳಲ್ಲಿ ಹೊಸದಾಗಿ ಸ್ಥಾಪಿಸುವ ಸೌಕರ್ಯವನ್ನೇ ಕೈಬಿಟ್ಟಿತು. ಅವುಗಳಿಗಾಗಿ ಹಣ ಸುರಿಯುವುದು ಮೂಗಿಗಿಂತ ಮೂಗುತಿ ಭಾರವೆಂಬಂತೆ. ಹಳೆಯ ಕಡತಗಳನ್ನು ಉಳಿಸಿಕೊಳ್ಳಲು, ಬಿಚ್ಚಿ ಜೋಡಿಸಿ ಕಲಿಯಲು ಅವು ಇರಲಿ. ಆಮೇಲೆ ಇ-ತ್ಯಾಜ್ಯದ ನಿಯಮಾನುಸಾರ ಅಧಿಕೃತ ಸಂಗ್ರಾಹಕರ ಕೈ ಸೇರಲಿ.

ನಮ್ಮ ವಾದವೆಲ್ಲ ಎರಡನೆಯ ವರ್ಗವನ್ನು ಕುರಿತದ್ದು: 64 ಬಿಟ್ ಪ್ರೊಸೆಸರ್, ಸಾಟಾ ಜೋಡಣೆ, 4 ಗಿಗಾಬೈಟ್ ಸ್ಮರಣೆ ಉಳ್ಳ ಯಂತ್ರಗಳು. ಇವುಗಳಿಗೆ ಸಣ್ಣದೊಂದು ಎಸ್‌ಎಸ್‌ಡಿಯನ್ನೂ, ಲಿನಕ್ಸ್ ಮಿಂಟಿನಂತಹ ಉಚಿತ ವ್ಯವಸ್ಥೆಯನ್ನೂ ಒದಗಿಸಿದರೆ ಬರೆಯಲು, ಓದಲು, ಲೆಕ್ಕಪಟ್ಟಿ ಮಾಡಲು, ಪ್ರೋಗ್ರಾಂ ರಚಿಸಲು ಧಾರಾಳವಾಗಿ ಸಾಲುತ್ತವೆ. ಬೆಂಬಲ ನಿಂತ ವ್ಯವಸ್ಥೆಯನ್ನೇ ಇಟ್ಟುಕೊಂಡು ಅಂತರಜಾಲಕ್ಕೆ ಒಡ್ಡುವುದು ಅಗಳಿಯಿಲ್ಲದ ಬಾಗಿಲನ್ನು ಮುಚ್ಚಿ ಮಲಗಿದಂತೆ, ಅದು ಮಿತವ್ಯಯವಲ್ಲ.

“ಮಕ್ಕಳು ಲಿನಕ್ಸ್ ಕಲಿತರೆ ಹೊರಗೆ ಏನು ಪ್ರಯೋಜನ?” ಎಂಬ ಆಕ್ಷೇಪಣೆಯನ್ನು ನಾವು ಹಲವು ಬಾರಿ ಕೇಳಿದ್ದೇವೆ. ಉತ್ತರಕ್ಕಾಗಿ ದೂರ ಹೋಗಬೇಕಾದುದಿಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಸರಕಾರಿ ಶಾಲೆಗಳು ಗ್ನು ಲಿನಕ್ಸನ್ನು ತಮ್ಮ ಪಾಠಕ್ಕೆ ಹೊಂದಿಸಿಕೊಂಡು ಬಳಸುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಾಧ್ಯವಾದುದು ಗಡಿಯೀಚೆಯವರಿಗೆ ಏಕೆ ಅಸಾಧ್ಯವಾಗಬೇಕು?

ಯಂತ್ರ ಕೊಳ್ಳಲು ಅನುದಾನ ಬರುತ್ತದೆ. ದುರಸ್ತಿಗೆ ಬರುವುದು ವಿರಳ. ಈ ಮನೋಭಾವವೇ ನಮ್ಮ ನಿಜವಾದ ತೊಡಕು. ಪ್ರತಿ ಕಾಲೇಜಿನ ವಿಜ್ಞಾನ ಸಂಘವೂ ವರ್ಷಕ್ಕೊಮ್ಮೆ ಎರಡು ದಿನಗಳನ್ನು ಮೀಸಲಿಟ್ಟು, ಸುತ್ತಲಿನ ಹಳ್ಳಿಯ ಶಾಲೆಗಳ ಹಳೆಯ ಗಣಕಗಳನ್ನು ತರಿಸಿ ಪರೀಕ್ಷಿಸಲಿ. ಮೊದಲು ಕಡತಗಳನ್ನು ನಕಲು ಮಾಡಲಿ, ಆಮೇಲೆ ಡಿಸ್ಕನ್ನು ಬದಲಿಸಲಿ, ಕಡೆಯಲ್ಲಿ ವ್ಯವಸ್ಥೆಯನ್ನು ಸ್ಥಾಪಿಸಲಿ. ಈ ಕ್ರಮವನ್ನು ತಪ್ಪಿಸಬಾರದು. ಹತ್ತರಲ್ಲಿ ಐದು ಎದ್ದರೂ ಲಾಭವೇ. ಮಲೆನಾಡಿನ ಶಾಲೆಯೊಂದರ ಹುಡುಗಿಗೆ ಕೀಲಿಮಣೆಯ ಮೇಲೆ ಬೆರಳಿಡುವ ಅವಕಾಶವು ಮುಂದಿನ ಅನುದಾನದವರೆಗೆ ಕಾಯದೆ ಈ ವರ್ಷವೇ ದೊರೆಯುವುದಾದರೆ, ಎರಡು ಸಂಜೆಗಳ ಶ್ರಮ ಹೆಚ್ಚೇನಲ್ಲ.