ಅಳತೆ ಸ್ಥಿರವಾಗಿದ್ದರೆ ಸಾಕೇ?

‘ವಿಶ್ವಸನೀಯತೆ ಎಂದರೆ ಅಳತೆಯ ಸ್ಥಿರತೆ’ ಎಂದು ಮೌಲ್ಯಮಾಪನದ ತರಗತಿಯಲ್ಲಿ ಬರೆದುಕೊಂಡೆವು. ಅಷ್ಟಿದ್ದರೆ ಪರೀಕ್ಷೆ ನ್ಯಾಯಯುತವೇ? ಬ್ರಿಟನ್ನಿನ ಕುಟುಂಬ ವೈದ್ಯರ ಅರ್ಹತಾ ಪರೀಕ್ಷೆಯ ಬಗ್ಗೆ ಓದಿದ ಮೇಲೆ ನನಗೆ ಹಾಗೆನಿಸುತ್ತಿಲ್ಲ.

ಅಲ್ಲಿನ ‘ಸಿ.ಎಸ್.ಎ.’ ಎಂಬ ಪ್ರಾಯೋಗಿಕ ಪರೀಕ್ಷೆಯಲ್ಲಿ ನಟರು ರೋಗಿಗಳಾಗುತ್ತಿದ್ದರು. 13 ಪ್ರಕರಣ, ತಲಾ 10 ನಿಮಿಷ, ಪ್ರತಿಯೊಂದಕ್ಕೂ ಬೇರೆ ಪರೀಕ್ಷಕರು. ಒಬ್ಬರ ಅಭಿಪ್ರಾಯವೇ ಫಲಿತಾಂಶವಾಗಬಾರದೆಂಬ ಒಳ್ಳೆಯ ಏರ್ಪಾಡು. ಆದರೂ ವಿದೇಶದಲ್ಲಿ ಓದಿ ಬಂದವರು ಮಾತ್ರವಲ್ಲ, ಬ್ರಿಟನ್ನಿನಲ್ಲೇ ಓದಿದ ಬಿಳಿಯರಲ್ಲದ ವೈದ್ಯರೂ ಬಿಳಿಯರಿಗಿಂತ ಹೆಚ್ಚು ಪ್ರಮಾಣದಲ್ಲಿ ಅನುತ್ತೀರ್ಣರಾಗುತ್ತಿದ್ದರು. ಭಾರತೀಯ ಮೂಲದ ವೈದ್ಯರ ಸಂಘ ‘ಬಾಪಿಯೊ’ ನ್ಯಾಯಾಲಯಕ್ಕೆ ಹೋಯಿತು. 2014ರಲ್ಲಿ ಲಂಡನ್ನಿನ ಹೈಕೋರ್ಟ್ ಪರೀಕ್ಷೆ ಕಾನೂನುಬದ್ಧವೆಂದು ತೀರ್ಪಿತ್ತಿತು; ಸಂಘಕ್ಕೆ ದೊರೆತದ್ದು ನೈತಿಕ ಗೆಲುವೆಂದೂ ಹೇಳಿತು.

ಈಗ ನಮ್ಮ ಬೋಧನಾಭ್ಯಾಸಕ್ಕೆ ಬರೋಣ. ನಾನು ಬೀದರ್ ಕಡೆಯವಳು. ಆಮ್ಲ–ಪ್ರತ್ಯಾಮ್ಲಗಳ ಪಾಠದಲ್ಲಿ ಲಿಟ್ಮಸ್ ಪ್ರಯೋಗವನ್ನು ಮಕ್ಕಳೇ ಮಾಡಿ, ತಾವೇ ವಿವರಿಸಿದರು. ವೀಕ್ಷಣಾ ಹಾಳೆಯಲ್ಲಿ ಮಾತ್ರ ‘ಉಚ್ಚಾರಣೆ ಸುಧಾರಿಸಲಿ’ ಎಂದಿತ್ತು. ಸಂವಹನ ಕೌಶಲದ ಅಂಕ ಕಡಿಮೆಯಾಗಿತ್ತು. ಹತ್ತು ವೀಕ್ಷಕರು ಬಂದರೂ ಅಷ್ಟೇ ಅಂಕ ಕೊಡಬಹುದಿತ್ತು. ಅಳತೆ ಸ್ಥಿರವೇ, ಆದರೆ ಅಳೆದದ್ದು ಬೋಧನೆಯನ್ನೋ, ನನ್ನ ಊರನ್ನೋ?

ಆದ್ದರಿಂದ ಅಂತಿಮ ಪಾಠಕ್ಕೆ ಇಬ್ಬರು ವೀಕ್ಷಕರಿರಲಿ ಎಂದಷ್ಟೇ ಕೇಳಿದರೆ ಸಾಲದು. ಭಾಷಾ ಹಿನ್ನೆಲೆ, ಓದಿದ ಮಾಧ್ಯಮಗಳ ಪ್ರಕಾರ ಅಂಕಗಳನ್ನು ಪ್ರತಿವರ್ಷ ಹೋಲಿಸಿ ನೋಡಬೇಕು. ಅಂತರ ಕಂಡರೆ ಪ್ರಶಿಕ್ಷಣಾರ್ಥಿಯನ್ನು ತಿದ್ದುವ ಮೊದಲು ವೀಕ್ಷಣಾ ಹಾಳೆಯನ್ನೊಮ್ಮೆ ಪರೀಕ್ಷಿಸಬೇಕು. ನಾಳೆ ನಾವೂ ಮಕ್ಕಳಿಗೆ ಅಂಕ ಕೊಡುವವರೇ ಅಲ್ಲವೇ?